ಐವತ್ತು ಸಾವಿರ ಯೂರೋ ಬಂತು, ಹೋಗೋಣವೇ?

ಪ್ರಶ್ನೆ: ನನಗೆ 30 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ವರ್ಷಕ್ಕೆ 17 ಲಕ್ಷ, ಕೈಗೆ ತಿಂಗಳಿಗೆ 1.2 ಲಕ್ಷ ಬರುತ್ತದೆ. ಪತಿ ಫಿಸಿಯೋಥೆರಪಿಸ್ಟ್. ಜಯನಗರದ ಕ್ಲಿನಿಕ್ ಒಂದರಲ್ಲಿ ಕೆಲಸ, ಸಂಜೆ ರೋಗಿಗಳ ಮನೆಗೆ ಹೋಗುತ್ತಾರೆ. ಎಲ್ಲ ಸೇರಿ 50 ಸಾವಿರ. ಕೆಂಗೇರಿಯ ಫ್ಲಾಟಿಗೆ ತಿಂಗಳಿಗೆ 38 ಸಾವಿರ ಇಎಂಐ ಇದೆ. ಮಕ್ಕಳಿಲ್ಲ. ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದು ನನಗೆ ವರ್ಷಕ್ಕೆ 50,000 ಯೂರೋ ಕೊಡುತ್ತೇನೆಂದಿದೆ. ಎರಡು ವಾರದಲ್ಲಿ ಉತ್ತರ ಹೇಳಬೇಕು. ನೆಂಟರೆಲ್ಲ ‘ಐವತ್ತು ಲಕ್ಷ ಕಣೇ, ಯೋಚನೆ ಏನು ಮಾಡ್ತೀಯ’ ಎನ್ನುತ್ತಾರೆ. ಪತಿಯನ್ನು ಕೇಳಿದರೆ ‘ನೀನು ಹೇಗೆ ಹೇಳ್ತೀಯೋ ಹಾಗೆ’ ಎನ್ನುತ್ತಾರೆ. ಮಾವ ಚಿತ್ರದುರ್ಗದಲ್ಲಿ ಒಬ್ಬರೇ ಇದ್ದಾರೆ. ಈ ಸಂಬಳ ಸಾಕಾಗುತ್ತದೆಯೇ? ಇಬ್ಬರೂ ಒಟ್ಟಿಗೆ ಹೋಗಬೇಕೇ, ನಾನು ಮೊದಲು ಹೋಗಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ ಐವತ್ತು ಲಕ್ಷವನ್ನು ತಲೆಯಿಂದ ತೆಗೆದುಬಿಡಿ. ಒಂದು ಯೂರೋಗೆ ನೂರು ರೂಪಾಯಿ ಎಂದು ಗುಣಿಸಿದರೆ ಆ ಸಂಖ್ಯೆ ಬರುತ್ತದೆ, ನಿಜ. ಆದರೆ ನೀವು ಹಾಲು, ಬಾಡಿಗೆ, ಬಸ್ಸು ಎಲ್ಲಕ್ಕೂ ಯೂರೋದಲ್ಲೇ ಕೊಡಬೇಕಲ್ವಾ? ರೂಪಾಯಿಗೆ ಬದಲಾಯಿಸಬೇಕಾದದ್ದು ತಿಂಗಳ ಕೊನೆಯಲ್ಲಿ ಉಳಿದ ದುಡ್ಡನ್ನು ಮಾತ್ರ. ಅದೆಷ್ಟು ಎಂದು ನೋಡೋಣ.

ತಿಂಗಳಿಗೆ 4,167 ಯೂರೋ ಸಂಬಳ. ಅದರಲ್ಲಿ ಪಿಂಚಣಿಗೆ ಶೇ 9.3, ಆರೋಗ್ಯ ವಿಮೆಗೆ ಶೇ 8.5ರ ಆಸುಪಾಸು, ನಿರುದ್ಯೋಗ ವಿಮೆಗೆ ಶೇ 1.3 ಹೋಗುತ್ತದೆ. ವಯಸ್ಸಾದಾಗಿನ ಆರೈಕೆ ವಿಮೆ ಅಂತ ಇನ್ನೊಂದಿದೆ. ಅದಕ್ಕೆ ಮಕ್ಕಳಿಲ್ಲದವರು ಸ್ವಲ್ಪ ಜಾಸ್ತಿ ಕಟ್ಟಬೇಕು, ಶೇ 2.4. ಇಷ್ಟಕ್ಕೇ ಸುಮಾರು 900 ಯೂರೋ ಆಯಿತು. ಆಮೇಲೆ ಆದಾಯ ತೆರಿಗೆ. ಜರ್ಮನಿಯಲ್ಲಿ ತೆರಿಗೆಗೆ ‘ವರ್ಗ’ಗಳಿವೆ. ನೀವು ಒಬ್ಬರೇ ಅಲ್ಲಿದ್ದರೆ ಒಂದನೇ ವರ್ಗ, ಕೈಗೆ ಸುಮಾರು 2,700 ಯೂರೋ. ಪತಿಯೂ ಅಲ್ಲೇ ಇದ್ದು, ಅವರಿಗೆ ಸಂಪಾದನೆ ಇಲ್ಲದಿದ್ದರೆ ಮೂರನೇ ವರ್ಗ ಕೇಳಬಹುದು, ಆಗ ಸುಮಾರು 3,000. ಇದು ತಾನಾಗಿಯೇ ಸಿಗುವುದಿಲ್ಲ, ತೆರಿಗೆ ಕಚೇರಿಗೆ ಅರ್ಜಿ ಹಾಕಬೇಕು. ಎಷ್ಟೋ ನಮ್ಮವರು ತಿಂಗಳುಗಟ್ಟಲೆ ಸುಮ್ನೆ ದಂಪತಿಗೆ ತಾನಾಗಿ ಸಿಗುವ ನಾಲ್ಕನೇ ವರ್ಗದಲ್ಲಿ ಕೂತಿದ್ದು, ‘ಹೇಳಿದ್ದಕ್ಕಿಂತ ಸಂಬಳ ಕಡಿಮೆ ಬರ್ತಿದೆ’ ಎಂದು ಕಂಪನಿಯನ್ನು ಬೈಯುತ್ತಿರುತ್ತಾರೆ.

ಇಬ್ಬರೂ ಅಲ್ಲಿದ್ದೀರಿ, ಕೈಗೆ 3,000 ಬರುತ್ತಿದೆ ಅಂತಿಟ್ಟುಕೊಳ್ಳಿ. ಸ್ಟುಟ್‌ಗಾರ್ಟ್ ದುಬಾರಿ ಊರು. ಒಂದು ಮಲಗುವ ಕೋಣೆಯ ಮನೆಗೆ ಬಿಸಿನೀರು, ಹೀಟಿಂಗ್ ಸೇರಿದ ಬಾಡಿಗೆ 1,300 ಎಂದೇ ಹಿಡಿಯಿರಿ. ಕರೆಂಟು, ಇಂಟರ್ನೆಟ್ಟಿಗೆ 100. ಟಿವಿ ಇರಲಿ ಇಲ್ಲದಿರಲಿ, ಮನೆಗೊಂದು ಪ್ರಸಾರ ಶುಲ್ಕ 18.36. ದಿನಸಿ, ತರಕಾರಿಗೆ 450. ಊರೆಲ್ಲ ಓಡಾಡುವ ತಿಂಗಳ ಪಾಸು, ಡಾಯ್ಚ್‌ಲಾಂಡ್ ಟಿಕೆಟ್, 2026ರ ಜನವರಿಯಿಂದ ತಲೆಗೆ 63. ಫೋನು, ಸಣ್ಣಪುಟ್ಟ ವಿಮೆ, ಒಂದು ಚಳಿಗಾಲದ ಕೋಟು, ಅಪರೂಪಕ್ಕೆ ಹೋಟೆಲ್ ಊಟ ಎಂದು 250. ಒಟ್ಟು ಸುಮಾರು 2,250. ಉಳಿದದ್ದು 750. ಅದರಲ್ಲಿ ಕೆಂಗೇರಿ ಇಎಂಐಗೆ 380 ಕಳಿಸಿದರೆ 370. ವರ್ಷಕ್ಕೊಮ್ಮೆ ಇಬ್ಬರೂ ಊರಿಗೆ ಬಂದು ಹೋಗುವ ಖರ್ಚು ತೆಗೆದಿಟ್ಟರೆ ಕೈಯಲ್ಲಿ ನಿಲ್ಲುವುದು 250, ಅಂದರೆ 25 ಸಾವಿರ ರೂಪಾಯಿ.

ಈಗ ಬೆಂಗಳೂರಿನ ಲೆಕ್ಕ. ಇಬ್ಬರದೂ ಸೇರಿ 1.7 ಲಕ್ಷ. ಇಎಂಐ 38 ಸಾವಿರ ಕಳೆದು, ಮನೆಖರ್ಚಿಗೆ 60 ಸಾವಿರ ಎಂದುಕೊಂಡರೂ 70 ಸಾವಿರ ಉಳಿಯುತ್ತದೆ. ಅಂದರೆ ಆ ‘ಐವತ್ತು ಲಕ್ಷ’ದ ಕೆಲಸಕ್ಕೆ ಹೋದರೆ ನೀವು ಈಗ ಉಳಿಸುತ್ತಿರುವುದರ ಅರ್ಧವೂ ಉಳಿಯುವುದಿಲ್ಲ. ಕಾರಣ ಗೊತ್ತಾಯಿತಲ್ಲ? ಇಲ್ಲಿ ದುಡಿಯುವ ಕೈ ನಾಲ್ಕು. ಅಲ್ಲಿ ಹೋದ ದಿನದಿಂದ ಎರಡೇ.

ಹಾಗಂತ ಆಫರ್ ಕೆಟ್ಟದ್ದಲ್ಲ. ನಿಮ್ಮಂಥ ನುರಿತ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ವೀಸಾಕ್ಕೆ ಕನಿಷ್ಠ ಸಂಬಳದ ಮಿತಿ ಇದೆ. 2025ರಲ್ಲಿ ಅದು ಸಾಮಾನ್ಯವಾಗಿ 48,300 ಯೂರೋ, ಐಟಿಯಂಥ ಕೊರತೆ ಇರುವ ಉದ್ಯೋಗಗಳಿಗೆ ಸುಮಾರು 43,760. ಪ್ರತಿ ವರ್ಷ ಪರಿಷ್ಕರಣೆ ಆಗುತ್ತದೆ. ನಿಮ್ಮದು ಐಟಿ ಕೆಲಸವಾದ್ದರಿಂದ ಅಡ್ಡಿ ಇರಬಾರದು, ಆದರೂ ವೀಸಾ ಅರ್ಜಿ ಹಾಕುವ ವರ್ಷದ ಮಿತಿಯನ್ನು ನೋಡಿಕೊಳ್ಳಿ. ಬ್ಲೂ ಕಾರ್ಡ್ ಇದ್ದರೆ ಪತಿಗೆ ಹೊರಡುವ ಮುಂಚೆ ಜರ್ಮನ್ ಪರೀಕ್ಷೆ ಬೇಡ, ಹೋದ ಮೇಲೆ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕು ಇದೆ. ಸಂಪಾದನೆ ಇಲ್ಲದ ಸಂಗಾತಿಗೆ ನಿಮ್ಮ ಸಾರ್ವಜನಿಕ ಆರೋಗ್ಯ ವಿಮೆಯಲ್ಲೇ ಬೇರೆ ಕಂತಿಲ್ಲದೆ ರಕ್ಷಣೆ ಸಿಗುತ್ತದೆ. ನೀವು ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಕಲಿತರೆ 21 ತಿಂಗಳಲ್ಲಿ, ಎ1, ಅಂದರೆ ಆರಂಭದ ಮಟ್ಟ ಮಾತ್ರ ಇದ್ದರೆ 27 ತಿಂಗಳಲ್ಲಿ ಕಾಯಂ ನೆಲೆಸುವ ಪರವಾನಗಿಗೆ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಾ ಕೂದಲು ಬೆಳ್ಳಗಾದ ನಮ್ಮವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಹೆದರಿಕೆ ಇರಬೇಕಾದದ್ದು ಇನ್ನೊಂದು ಕಡೆ. ಸ್ಟುಟ್‌ಗಾರ್ಟ್ ಕಾರಿನ ಊರು. ನಾವು ಮೈಕೋ ಎಂದು ಕರೆಯುತ್ತಿದ್ದ ಬಾಷ್‌ನ ತವರು ಅಲ್ಲೇ ಪಕ್ಕ. ಮರ್ಸಿಡಿಸ್, ಪೋರ್ಶೆ ಕೂಡ ಅಲ್ಲಿಯವೇ. ಈ ಉದ್ಯಮ ಈಗ ಜನರನ್ನು ಕಡಿಮೆ ಮಾಡುತ್ತಿದೆ. ನಿಮ್ಮ ಕರಾರಿನಲ್ಲಿ ಆರು ತಿಂಗಳ ಪ್ರೊಬೇಷನ್ ಇದ್ದೇ ಇರುತ್ತದೆ. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ನಿರುದ್ಯೋಗ ಭತ್ಯೆ ಸಿಗಬೇಕಾದರೆ ಕನಿಷ್ಠ 12 ತಿಂಗಳು ವಿಮೆ ಕಟ್ಟಿರಬೇಕು. ಅಂದರೆ ಮೊದಲ ವರ್ಷ ನಿಮ್ಮ ಕೆಳಗೆ ಬಲೆ ಇಲ್ಲ. ‘ಈ ತಂಡ ಯಾವ ಪ್ರಾಜೆಕ್ಟಿಗೆ, ಅದು ಎಷ್ಟು ವರ್ಷದ್ದು’ ಎಂದು ಮ್ಯಾನೇಜರನ್ನು ನೇರವಾಗಿ ಕೇಳಿ. ಜರ್ಮನರು ನೇರ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಸುತ್ತಿ ಬಳಸಿ ಕೇಳಿದರೇ ಕಷ್ಟ.

ನನ್ನ ಲೆಕ್ಕದಲ್ಲಿ ನೀವು ಮೊದಲು ಹೋಗುವುದು ಒಳ್ಳೆಯದು. ಅದಕ್ಕೆ ಪ್ರೊಬೇಷನ್ ಒಂದು ಕಾರಣ, ಮನೆ ಇನ್ನೊಂದು. ಅಲ್ಲಿ ಮಾಲೀಕರು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ, ಸಾಲದ ಇತಿಹಾಸ ತೋರಿಸುವ ಶೂಫಾ ಪತ್ರ ಕೇಳುತ್ತಾರೆ. ಹೊಸದಾಗಿ ಇಳಿದವರ ಹತ್ತಿರ ಎರಡೂ ಇರುವುದಿಲ್ಲ. ಒಬ್ಬರಾದರೆ ಯಾರದೋ ಮನೆಯಲ್ಲಿ ಒಂದು ಕೋಣೆ ಹಿಡಿದು ಮೂರು ನಾಲ್ಕು ತಿಂಗಳು ಕಳೆಯಬಹುದು.

ನನ್ನದೇ ಕಥೆ ಹೇಳುತ್ತೇನೆ. ನಾನು ಅಲ್ಲಿ ಮೊದಲ ಬಾಡಿಗೆ ಮನೆಯ ಕೀಲಿ ತೆಗೆದುಕೊಂಡದ್ದು ನವೆಂಬರಿನ ಒಂದು ಸಂಜೆ. ನಾಲ್ಕೂವರೆಗೇ ಕತ್ತಲು. ಸ್ವಿಚ್ ಒತ್ತಿದೆ, ಬೆಳಕು ಬರಲಿಲ್ಲ. ಮೊಬೈಲ್ ಹಿಡಿದು ಮೇಲೆ ನೋಡಿದರೆ ಸೂರಿನಿಂದ ಎರಡು ವೈರು ನೇತಾಡುತ್ತಿದ್ದವು, ಬಲ್ಬಿನ ಹೋಲ್ಡರೂ ಇಲ್ಲ. ಅಡುಗೆಮನೆಗೆ ಹೋದರೆ ಗೋಡೆಯಲ್ಲಿ ನೀರಿನ ಪೈಪಿನ ಬಾಯಿ, ಅದಕ್ಕೊಂದು ಮುಚ್ಚಳ, ಅಷ್ಟೇ. ಒಲೆ, ಸಿಂಕು, ಕಪಾಟು ಎಲ್ಲವನ್ನೂ ಹಳೆಯ ಬಾಡಿಗೆದಾರರು ಬಿಚ್ಚಿಕೊಂಡು ಹೋಗಿದ್ದರು. ನನಗೆ ಮೋಸ ಆಯಿತು ಎಂದುಕೊಂಡೆ. ಅಲ್ಲ, ಅಲ್ಲಿನ ಪದ್ಧತಿಯೇ ಹಾಗೆ! ಎರಡು ವಾರ ಬಾತ್‌ರೂಮಿನಲ್ಲಿ ಪಾತ್ರೆ ತೊಳೆದು, ನೀರು ಕಾಯಿಸುವ ಕೆಟಲಿನಲ್ಲಿ ಅವಲಕ್ಕಿ ನೆನೆಸಿ ತಿಂದೆ. ಮೂರನೇ ದಿನ ಬಾಗಿಲ ಹಿಡಿಗೆ ಒಂದು ಹಲಗೆ ನೇತುಹಾಕಿತ್ತು: ಈ ವಾರ ಮೆಟ್ಟಿಲು ಗುಡಿಸುವ ಸರದಿ ನಿಮ್ಮದು. ಅದಕ್ಕೆ ಕೇರ್‌ವೋಖ ಎನ್ನುತ್ತಾರೆ, ಆ ಸೀಮೆಯಲ್ಲಿ ಅದೊಂದು ವ್ರತ. ಗುಡಿಸದಿದ್ದರೆ ಕೆಳಗಿನ ಮನೆಯ ಅಜ್ಜಿ ನಿಮ್ಮ ಜೊತೆ ಮಾತು ಬಿಡುತ್ತಾಳೆ. ಒಬ್ಬರೇ ಇದ್ದಾಗ ಇದೆಲ್ಲ ನಗುವ ಕಥೆ. ಕೆಲಸ ಬಿಟ್ಟು ನಿಮ್ಮ ಹಿಂದೆ ಬಂದವರೊಬ್ಬರು ಆ ಕತ್ತಲೆ ಮನೆಯಲ್ಲಿ ದಿನವಿಡೀ ಕೂತಿದ್ದರೆ ನಗು ಬರುವುದಿಲ್ಲ.

ಹಾಗಾಗಿ ಜಾಹೀರಾತಿನಲ್ಲಿ ‘ಅಡುಗೆಮನೆ ಸಹಿತ’ ಎಂದಿದೆಯೇ ನೋಡಿ. ಠೇವಣಿ ಕಾನೂನಿನ ಪ್ರಕಾರ ಹೀಟಿಂಗ್ ಖರ್ಚೆಲ್ಲ ಬಿಟ್ಟು ಮೂರು ತಿಂಗಳ ಬರೀ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಮೂರು ಕಂತಿನಲ್ಲಿ ಕೊಡಬಹುದು. ಠೇವಣಿ, ಮೊದಲ ಬಾಡಿಗೆ, ಅಡುಗೆಮನೆ, ಹಾಸಿಗೆ, ವಿಮಾನ ಎಲ್ಲ ಸೇರಿ ಇಬ್ಬರು ನೆಲೆಯಾಗುವ ಹೊತ್ತಿಗೆ 8ರಿಂದ 10 ಲಕ್ಷ ರೂಪಾಯಿ ಕರಗುತ್ತದೆ ಎಂಬುದು ನನ್ನ ಅಂದಾಜು. ಈ ದುಡ್ಡು ಕೈಯಲ್ಲಿ ಇಲ್ಲದಿದ್ದರೆ ಹೊರಡಬೇಡಿ, ಸಾಲ ಮಾಡಿಯಂತೂ ಬೇಡವೇ ಬೇಡ. ಕಂಪನಿಯನ್ನು ಕೇಳಿ: ಸ್ಥಳಾಂತರದ ಖರ್ಚು, ಎರಡು ತಿಂಗಳ ಸಜ್ಜಾದ ಮನೆ, ಇಬ್ಬರಿಗೂ ಜರ್ಮನ್ ಕ್ಲಾಸಿನ ಫೀಸು. ಸಂಬಳವನ್ನೂ 54,000 ಕೇಳಿ ನೋಡಿ. ಕೇಳಿದ್ದಕ್ಕೆ ಆಫರ್ ವಾಪಸ್ ಪಡೆಯುವ ಕಂಪನಿಯಾದರೆ ಅಲ್ಲಿಗೆ ಹೋಗದಿರುವುದೇ ವಾಸಿ.

ಇನ್ನು ನಿಮ್ಮ ಪತಿ. ನಿಮ್ಮ ಪತ್ರದಲ್ಲಿ ಅವರ ಮಾತು ಇರುವುದು ಒಂದೇ ಸಾಲು. ‘ನೀನು ಹೇಗೆ ಹೇಳ್ತೀಯೋ ಹಾಗೆ.’ ಇದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಒಪ್ಪಿಗೆಯೂ ಆಗಿರಬಹುದು, ಜಗಳ ಬೇಡ ಎಂಬ ಮೌನವೂ ಆಗಿರಬಹುದು. ಆಫರ್ ಬಂದಿರುವುದು ನಿಮ್ಮ ಹೆಸರಿಗೆ, ಆದರೆ ಮೇಲಿನ ಲೆಕ್ಕ ತಿರುಗುವುದು ಅವರ ಕೆಲಸದ ಮೇಲೆ.

ಜರ್ಮನಿಯಲ್ಲಿ ಫಿಸಿಯೋಥೆರಪಿಸ್ಟ್‌ಗಳ ಕೊರತೆ ಇದೆ, ಇದು ಒಳ್ಳೆಯ ಸುದ್ದಿ. ಆದರೆ ಅಲ್ಲಿ ಅದು ಪರವಾನಗಿ ಬೇಕಾದ ವೃತ್ತಿ. ನಮ್ಮ ಫಿಸಿಯೋಥೆರಪಿ ಪದವಿಯನ್ನು (ಬಿಪಿಟಿ) ಅವರ ಪಠ್ಯದ ಜೊತೆ ಹೋಲಿಸಿ ನೋಡುತ್ತಾರೆ. ಕೊರತೆ ಕಂಡರೆ ಒಂದೋ ಪರೀಕ್ಷೆ, ಇಲ್ಲವೇ ಆಸ್ಪತ್ರೆಯಲ್ಲಿ ಹೊಂದಾಣಿಕೆಯ ತರಬೇತಿ. ಎಲ್ಲಕ್ಕಿಂತ ದೊಡ್ಡ ಗೋಡೆ ಭಾಷೆ, ಸಾಮಾನ್ಯವಾಗಿ ಬಿ1ಗಿಂತ ಮೇಲಿನ ಬಿ2 ಮಟ್ಟ ಕೇಳುತ್ತಾರೆ. ನಿಮ್ಮ ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಕಾಲ ಹಾಕಬಹುದು. ‘ಮಂಡಿ ಎಲ್ಲಿ ಹಿಡಿದುಕೊಳ್ಳುತ್ತೆ, ಮೆಟ್ಟಿಲು ಇಳಿಯುವಾಗ ಜಾಸ್ತಿಯಾ’ ಎಂದು ಎಪ್ಪತ್ತೈದರ ಅಜ್ಜನನ್ನು ಇಂಗ್ಲಿಷಿನಲ್ಲಿ ಕೇಳಲು ಆಗದು. ಸಾಲದ್ದಕ್ಕೆ ಅಜ್ಜ ಮಾತಾಡುವುದು ಅಲ್ಲಿನ ಶ್ವಾಬಿಷ್ ಆಡುಭಾಷೆ. ಪುಸ್ತಕ ಓದಿ ಕನ್ನಡ ಕಲಿತವನು ಸೀದಾ ಕುಂದಾಪುರದ ಸಂತೆಗೆ ಇಳಿದ ಹಾಗೆ. ಕೆಲಸದ ರೀತಿಯೂ ಬೇರೆ: ವೈದ್ಯರ ಚೀಟಿ ಹಿಡಿದು ಬರುವ ರೋಗಿಗಳು, ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷದ ಲೆಕ್ಕ.

ಇದಕ್ಕೆಲ್ಲ ಒಂದೂವರೆ, ಎರಡು ವರ್ಷ ಬೇಕು. ಅದು ದಾಟಿದರೆ ತಿಂಗಳಿಗೆ 3,000 ಯೂರೋ ಆಸುಪಾಸಿನ ಸಂಬಳ ಅವರಿಗೂ ಸಿಗಬಹುದು, ಆಗ ಲೆಕ್ಕ ಪೂರ್ತಿ ಬೇರೆಯಾಗುತ್ತದೆ. ದಾಟದಿದ್ದರೆ ಗೋದಾಮಿನಲ್ಲಿ ಡಬ್ಬ ಜೋಡಿಸುವ ಕೆಲಸ. ಆ ಕೆಲಸ ಕೀಳೆಂದಲ್ಲ. ಇಷ್ಟು ದಿನ ರೋಗಿಗಳಿಂದ ‘ಡಾಕ್ಟ್ರೇ’ ಎನ್ನಿಸಿಕೊಂಡವರಿಗೆ ಅದು ಎಷ್ಟು ದಿನ ಹಿಡಿಸೀತು ಎಂದು ನೀವಿಬ್ಬರೇ ಮಾತಾಡಿಕೊಳ್ಳಬೇಕು.

ಆದ್ದರಿಂದ ಅವರು ಈಗಲೇ ರಾಜೀನಾಮೆ ಕೊಡುವುದು ಬೇಡ. ನೀವು ಹೋದ ಮೇಲೂ ಆರು ತಿಂಗಳು ಇಲ್ಲೇ ದುಡಿಯುತ್ತಾ ಜರ್ಮನ್ ಕಲಿಯಲಿ. ಇಎಂಐಗೂ ಅಷ್ಟು ದಿನ ಆಸರೆ. ಪದವಿ ಮಾನ್ಯತೆಯ ಅರ್ಜಿಯನ್ನು ಇಲ್ಲಿಂದಲೇ ಹಾಕಬಹುದು. ವಿಶ್ವವಿದ್ಯಾಲಯದಿಂದ ಪಠ್ಯಕ್ರಮ, ಪ್ರಾಯೋಗಿಕ ತರಗತಿಯ ಗಂಟೆಗಳ ಪತ್ರ ತೆಗೆಸುವ ಓಡಾಟ ಸ್ಟುಟ್‌ಗಾರ್ಟ್‌ನಲ್ಲಿ ಕೂತು ಆಗುವಂಥದ್ದಲ್ಲ. ಮದುವೆ ನೋಂದಣಿ ಆಗಿಲ್ಲದಿದ್ದರೆ ಈ ವಾರವೇ ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ ಮುಗಿಸಿ. ಛತ್ರದ ಫೋಟೋ, ಲಗ್ನಪತ್ರಿಕೆ ಅಲ್ಲಿ ನಡೆಯುವುದಿಲ್ಲ.

ಮಾವನವರ ವಿಷಯ. 2024ರ ಮಾರ್ಚ್ 1ರಿಂದ ಮೊದಲ ಬಾರಿ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆತಾಯಿಯನ್ನು, ಸಂಗಾತಿಯೂ ಅಲ್ಲೇ ಇದ್ದರೆ ಅತ್ತೆಮಾವನನ್ನು ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಆದರೆ ಅವರ ಆರೋಗ್ಯ ವಿಮೆ ನೀವೇ ಮಾಡಿಸಬೇಕು, ಆ ವಯಸ್ಸಿನವರಿಗೆ ಅದು ಸಿಗುವುದೂ ಕಷ್ಟ, ಸಿಕ್ಕರೂ ನಿಮ್ಮ ಈ ಸಂಬಳಕ್ಕೆ ಎಟುಕದು. ಚಿತ್ರದುರ್ಗದಲ್ಲಿ ಅವರನ್ನು ನೋಡಿಕೊಳ್ಳುವವರು ಯಾರು ಎಂದು ಈಗಲೇ ಗೊತ್ತು ಮಾಡಿಕೊಳ್ಳಿ.

ಉತ್ತರ ಕೊಡಲು ಎರಡು ವಾರ ಇದೆ ಎಂದಿರಿ. ಈ ಶನಿವಾರ ಇಬ್ಬರೂ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗಿ ಬನ್ನಿ. ಮುಂದಿನ ಜರ್ಮನ್ ಬ್ಯಾಚ್ ಯಾವಾಗ, ಬಿ2 ತನಕ ಎಷ್ಟು ತಿಂಗಳು, ಫೀಸೆಷ್ಟು ಎಂದು ನೀವು ಕೇಳಬೇಡಿ, ಅವರೇ ಕೇಳಲಿ. ಅವರು ಕೇಳಿ, ಫಾರಂ ತುಂಬಿಸಿದರೆ ಸೋಮವಾರ ಕಂಪನಿಗೆ ಮೇಲ್ ಬರೆಯಿರಿ. ‘ನೀನು ವಿಚಾರಿಸಿಕೊಂಡು ಬಾ, ನಾನು ಗಾಡಿ ಹತ್ತಿರ ಇರ್ತೀನಿ’ ಎಂದರೆ, ಅಲ್ಲೇ ಪಕ್ಕದಲ್ಲಿ ಎಲ್ಲಾದರೂ ಕೂತು ಒಂದು ಕಾಫಿ ಕುಡಿಯಿರಿ, ಮತ್ತೆ ಮೊದಲಿನಿಂದ ಮಾತು ಶುರು ಮಾಡಿ.