ಊರೂರು ತಿರುಗುವ ಕುರಿಗಾರರ ಕಂಬಳಿ ಗುಡಾರ ಮಳೆಗೆ ಸೋರುವುದಿಲ್ಲವೇ?

ಜಡಿಮಳೆ ಹಿಡಿದರೆ ಸೋರುತ್ತದೆ. ಸಾಧಾರಣ ಮಳೆಯನ್ನು ಮಾತ್ರ ಚೆನ್ನಾಗಿಯೇ ತಡೆಯುತ್ತದೆ. ಬಾಗಲಕೋಟೆ, ಬೆಳಗಾವಿ ಸೀಮೆಯ ಕುರಿಗಾರರು ಬಳಸುವುದು ದಖ್ಖನಿ ಕುರಿಯ ಒರಟು ಉಣ್ಣೆಯ ಕಂಬಳಿ. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ನೇಯುವುದರಿಂದ ಅದು ಬಿಗಿಯಾಗಿ ಬರುತ್ತದೆ. ಉಣ್ಣೆಯ ಎಳೆಯ ಹೊರಮೈಗೆ ನೀರು ಸುಲಭವಾಗಿ ಅಂಟುವುದಿಲ್ಲ, ಒಳಭಾಗವಾದರೋ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಹಸಿಯೆನಿಸುವುದಿಲ್ಲ. ಕವಲುಗೋಲುಗಳ ಮೇಲೆ ಅಡ್ಡಕೋಲಿಟ್ಟು, ಕಂಬಳಿಯನ್ನು ಗಾಳಿ ಬೀಸುವ ಕಡೆಗೆ ಇಳಿಜಾರಾಗಿ ಬಿಗಿದರೆ, ಬಿದ್ದ ಹನಿ ಒಳಗಿಳಿಯುವ ಮೊದಲೇ ಅಂಚಿನಿಂದ ಜಾರಿಹೋಗುತ್ತದೆ. ಒಳಗಿನಿಂದ ಬೆರಳು ತಾಗಿಸಿದಿರೋ, ಅಲ್ಲೇ ತೊಟ್ಟಿಕ್ಕತೊಡಗುತ್ತದೆ. ಗೊಬ್ಬರಕ್ಕಾಗಿ ರೈತರ ಹೊಲದಲ್ಲಿ ಕುರಿಮಂದೆ ತರುಬಿ, ಕೆಲವೇ ರಾತ್ರಿಗಳಲ್ಲಿ ಮುಂದಿನ ಹೊಲಕ್ಕೆ ಹೊರಡುವವರಿಗೆ ಬೆಳಿಗ್ಗೆ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುವ ಸೂರೇ ಬೇಕು. ತಾಡಪತ್ರಿ ಹಗುರ, ನಿಜ. ಆದರೆ ಮಾಗಿಯ ಚಳಿಗೆ ಅದನ್ನು ಹೊದೆಯಲಾಗದು.