ರಾತ್ರಿಯ ಹೋಳಿಗೆಗಾಗಿ ಬೆಳಗಿನ ರೊಟ್ಟಿ ಬಿಡಬೇಡಿ

ಎಂಟು ದಿನಗಳ ರಜೆಗೆ ಬೀದರಿನ ಬಂಧುಗಳ ಮನೆಗೆ ಹೊರಟಿದ್ದೇನೆ, ರಾತ್ರಿಯ ಊಟ ಅಲ್ಲಿ ಜೋರಾಗಿಯೇ ಇರುವುದರಿಂದ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಬಿಟ್ಟರೆ ತೂಕ ಏರದೆ ಉಳಿದೀತೇ, ಇಲ್ಲವಾದರೆ ಜಿಮ್ ಇರುವ ಹೋಟೆಲಿನಲ್ಲಿ ಇಳಿಯಲೇ ಎಂದು ಕೇಳಿದ್ದೀರಿ. ಇದೇ ಲೆಕ್ಕ ಹಾಕಿಕೊಂಡು ಇದೇ ಊರಿಗೆ ನಾನೂ ಹೋಗಿದ್ದೆ. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕಲಬುರಗಿಗೆ ಮರಳಿದೆ.

ನನಗೆ 52 ವರ್ಷ, ಶಾಲಾ ಶಿಕ್ಷಕಿ, ಆರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಊರಿನಲ್ಲಿದ್ದಾಗ ನಸುಕಿನಲ್ಲಿ ಅಪ್ಪನ ಕೆರೆಯ ಕಡೆಗೆ ನಡಿಗೆ, ಎಂಟಕ್ಕೆ ಜೋಳದ ರೊಟ್ಟಿ, ಪಲ್ಯ, ಮೊಸರು ಎಂಬ ಕ್ರಮ ತಪ್ಪುತ್ತಿರಲಿಲ್ಲ. ಆದರೆ ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ತಂಗಿಯ ಮನೆಯಲ್ಲಿ ಹತ್ತು ದಿನ ಇದ್ದು ಮೂರು ಕಿಲೋ ಏರಿಸಿಕೊಂಡು ಬಂದಿದ್ದೆ. ಆ ಸಲ ಹಾಗಾಗಬಾರದೆಂದು ಬೀದರಿನ ರೈಲು ಹತ್ತುವಾಗಲೇ ಶಪಥ ಮಾಡಿದ್ದೆ. ಚಿಕ್ಕಮ್ಮನ ಮಗಳು ರಾತ್ರಿಗೆ ಹೂರಣದ ಹೋಳಿಗೆ, ಮಾವಿನ ಹಣ್ಣಿನ ಶೀಕರಣಿ ಮಾಡುವವಳಿದ್ದಳು. ಬೆಳಿಗ್ಗೆ ಅವಳು ಮುಂದಿಟ್ಟ ಸುಸಲಾದ ತಟ್ಟೆಯನ್ನು ಹಿಂದಕ್ಕೆ ಸರಿಸಿ, ಅರ್ಧ ಕಪ್ ಸಪ್ಪೆ ಚಹಾ ಕುಡಿದು, ಎಂದಿನ ಮಾತ್ರೆ ನುಂಗಿ, ಎಲ್ಲರೊಂದಿಗೆ ಕೋಟೆ ನೋಡಲು ಹೊರಟೆ.

ತಪ್ಪು ಇರುವುದು ಈ ಕೊನೆಯ ವಾಕ್ಯದಲ್ಲಿ. ನಾನು ತಿಂಡಿ ಬಿಟ್ಟೆ, ಮಾತ್ರೆ ಬಿಡಲಿಲ್ಲ. ಮಾತ್ರೆ ತಪ್ಪಿಸದಿರುವುದೇ ದೊಡ್ಡ ಶಿಸ್ತು ಎಂದು ತಿಳಿದಿದ್ದೆ. ನನಗೆ ಕೊಟ್ಟಿದ್ದು ಗ್ಲಿಮೆಪಿರೈಡ್. ಅದು ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಹೊರಡಿಸುತ್ತದೆ. ಉಂಡಿದ್ದೀಯೋ ಉಪವಾಸವಿದ್ದೀಯೋ ಎಂದು ಕೇಳುವುದಿಲ್ಲ. ಊಟದಿಂದ ಸಕ್ಕರೆ ಬರುತ್ತದೆಂದು ನಂಬಿ ಅದು ತನ್ನ ಕೆಲಸ ಮಾಡುತ್ತಲೇ ಹೋಗುತ್ತದೆ, ಬರಬೇಕಾದ ಸಕ್ಕರೆ ಮಾತ್ರ ಬರುವುದಿಲ್ಲ. ಅದರ ಮೇಲೆ ಎರಡು ಗಂಟೆ ನಡೆದರೆ ಕಾಲಿನ ಸ್ನಾಯುಗಳು ರಕ್ತದಲ್ಲಿ ಉಳಿದಿದ್ದನ್ನೂ ಎಳೆದುಕೊಳ್ಳುತ್ತವೆ. ಮನೆಯಲ್ಲಿ ಮಾತ್ರೆ, ನಡಿಗೆ, ರೊಟ್ಟಿ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಅಂದು ನಾನು ರೊಟ್ಟಿಯೊಂದನ್ನು ತೆಗೆದು, ನಡಿಗೆಯನ್ನು ದುಪ್ಪಟ್ಟು ಮಾಡಿ, ಮಾತ್ರೆಯನ್ನು ಇದ್ದಷ್ಟೇ ಇಟ್ಟೆ.

ಕೋಟೆಯೊಳಗಿನ ರಂಗೀನ್ ಮಹಲಿನ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳನ್ನು ನೋಡುತ್ತಿದ್ದಾಗ ಹೊಳಪು ಅಲುಗಾಡಿದಂತೆ ಕಂಡಿತು. ಬೆರಳುಗಳು ನಡುಗುತ್ತಿದ್ದವು, ಕತ್ತಿನ ಹಿಂದೆ ತಣ್ಣನೆಯ ಬೆವರು ಇಳಿಯಿತು. ಮೇ ತಿಂಗಳಾಗಿದ್ದರಿಂದ ಎಲ್ಲರೂ ಬಿಸಿಲು ಬಡಿದಿದೆ ಎಂದರು, ನಾನೂ ಒಪ್ಪಿದೆ. ಕಲಬುರಗಿಯವರಿಗೆ ಬೀದರಿನ ಬಿಸಿಲು ಬಡಿಯುವುದೆಂದರೆ ನಗಬೇಕಾದ ಮಾತು, ಆದರೆ ನಗುವಷ್ಟು ಬುದ್ಧಿ ಆಗ ಉಳಿದಿರಲಿಲ್ಲ. ನೆರಳಿನಲ್ಲಿ ಕೂತು ಒಂದು ಬಾಟಲಿ ನೀರು ಕುಡಿದೆ. ನೀರಿನಲ್ಲಿ ಸಕ್ಕರೆ ಎಲ್ಲಿರುತ್ತದೆ? ಇಪ್ಪತ್ತು ನಿಮಿಷ ಹಾಗೆ ಹೋಯಿತು. ಎದ್ದು ಇಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಂಡಿತು, ಬಲಗೈ ಊರಿ ಬಿದ್ದೆ. ಯಾರೋ ತಾಯಿಯೊಬ್ಬಳು ತನ್ನ ಮಗುವಿನ ಕೈಯಲ್ಲಿದ್ದ ಹಣ್ಣಿನ ರಸದ ಪೊಟ್ಟಣವನ್ನು ಕಸಿದು ನನಗೆ ಕುಡಿಸಿದಳು. ಆ ಮಗು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ಆಸ್ಪತ್ರೆಯಲ್ಲಿ ನೋಡಿದಾಗ, ರಸ ಕುಡಿದ ಮೇಲೂ ಸಕ್ಕರೆ 64 ಇತ್ತು. 70ಕ್ಕಿಂತ ಕೆಳಗಿಳಿದರೆ ಕಡಿಮೆ ಎಂದೇ ಲೆಕ್ಕ. ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ರೊಟ್ಟಿ ಬಡಿಯಲಾಗಲಿಲ್ಲ, ಮನೆಯವರು ಅಂಗಡಿಯಿಂದ ತಂದ ರೊಟ್ಟಿ ತಿಂದೆವು. ಭಯದಿಂದ ಎರಡೆರಡು ಗಂಟೆಗೊಮ್ಮೆ ಬಿಸ್ಕತ್ತು ಬಾಯಿಗೆ ಹಾಕಿಕೊಂಡು ತೂಕ ಐದು ಕಿಲೋ ಏರಿತು.

ನೀವು ಮಾತ್ರೆಯ ಮಾತು ಎತ್ತಿಲ್ಲ. ತೆಗೆದುಕೊಳ್ಳುತ್ತಿದ್ದರೆ, ಊಟದ ಹೊತ್ತು ಬದಲಾಗುತ್ತದೆ ಎಂದು ಹೊರಡುವ ಮೊದಲೇ ವೈದ್ಯರಿಗೆ ಹೇಳಿ. ಪ್ರಮಾಣವನ್ನು ನೀವೇ ತಿದ್ದಬೇಡಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಕೈ ನಡುಗಿದರೆ ಮೂರು ಚಮಚ ಪುಡಿಯನ್ನು ನೀರಿಗೆ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಸಕ್ಕರೆ ನೋಡಿಕೊಳ್ಳಿ, ಏರದಿದ್ದರೆ ಮತ್ತೆ ಕುಡಿಯಿರಿ. ಮಾತ್ರೆ ಇಲ್ಲದವರಾದರೆ ನನ್ನಂತೆ ಬೀಳಲಿಕ್ಕಿಲ್ಲ, ಆದರೂ ನಿಮ್ಮ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಹಗಲೆಲ್ಲ ಹಸಿದು ರಾತ್ರಿ ಒಂಬತ್ತಕ್ಕೆ ಹೋಳಿಗೆಯ ಮುಂದೆ ಕೂತವರು ಎರಡೇ ಹೋಳಿಗೆಗೆ ನಿಲ್ಲುವುದನ್ನು ನಾನಂತೂ ಕಂಡಿಲ್ಲ, ಅದರಲ್ಲೂ ನಮ್ಮ ಕಡೆಯ ಬಂಧುಗಳು ಬೇಡವೆಂದ ಕೈಯ ಮೇಲೆಯೇ ತುಪ್ಪ ಸುರಿಯುವವರು. ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋದರೆ ಒಂದೇ ಹೋಳಿಗೆಯನ್ನು ಸಾವಕಾಶವಾಗಿ, ಸಂತೋಷದಿಂದ ತಿನ್ನಬಹುದು.

ನಾನೀಗ ಎಲ್ಲಿಗೆ ಹೊರಟರೂ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಯ್ಯುತ್ತೇನೆ, ದಿನಗಟ್ಟಲೆ ಕೆಡುವುದಿಲ್ಲ. ಅದರೊಂದಿಗೆ ಮೊಸರು, ಹಸಿ ಉಳ್ಳಾಗಡ್ಡಿ, ಒಂದು ಸೌತೆಕಾಯಿ ಸಿಕ್ಕರೆ ಬೆಳಗಿನ ಚಿಂತೆ ಮುಗಿಯಿತು. ಕೊಟ್ಟ ತಿಂಡಿ ಬಿಟ್ಟು ನಿಮ್ಮ ಡಬ್ಬಿ ತೆರೆದರೆ ಮನೆಯವರು ಮುನಿಸಿಕೊಳ್ಳಬಹುದು. ಒಂದು ದಿನ ಮುನಿಸಿಕೊಳ್ಳುತ್ತಾರೆ, ಎರಡನೆಯ ದಿನ ಅವರೇ ಹಿಂಡಿ ಕೇಳುತ್ತಾರೆ. ಮಧ್ಯಾಹ್ನ ಹೊರಗಿದ್ದರೆ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ, ಅಂದರೆ ಅಲ್ಲಿನ ದಾಸೋಹದಲ್ಲಿ, ಸಾಲಿನಲ್ಲಿ ಕೂತು ರೊಟ್ಟಿ, ಬೇಳೆ ಉಣ್ಣಿ.

ಜಿಮ್‌ಗಾಗಿ ಹೋಟೆಲ್ ಹುಡುಕುವುದು ಬೀದರಿನಲ್ಲಿ ಹಣ ಪೋಲು ಮಾಡಿದಂತೆ. ಅಷ್ಟೂರಿನ ಬಹಮನಿ ಗುಮ್ಮಟಗಳು ಊರಿನ ಪೂರ್ವಕ್ಕೆ ಮೂರು ಕಿಲೋಮೀಟರಿನಷ್ಟೇ ದೂರದಲ್ಲಿವೆ, ಬೆಳಿಗ್ಗೆ ಆರಕ್ಕೆ ನಡೆದು ಹೊರಟರೆ ಬಿಸಿಲೇರುವ ಮೊದಲೇ ಮರಳಬಹುದು. ಕೋಟೆಯನ್ನು ಮಾತ್ರ ತಿಂಡಿಯಾದ ಮೇಲೆ ನೋಡಿ. ಕಳೆದ ಚಳಿಗಾಲದಲ್ಲಿ ನಾನು ಮತ್ತೆ ಹೋಗಿದ್ದೆ. ಅದೇ ಮೆಟ್ಟಿಲಿನ ಮೇಲೆ ಕೂತು ಡಬ್ಬಿ ಬಿಚ್ಚಿದಾಗ, ರೊಟ್ಟಿ ಮುರಿದ ಸಪ್ಪಳಕ್ಕೆ ಪಕ್ಕದಲ್ಲಿದ್ದ ಪ್ರವಾಸಿಗರು ತಿರುಗಿ ನೋಡಿದರು.