407ರ ಹೊಸ ಸೆಲ್ಫ್ ಬರೀ ‘ಟಕ್’ ಅನ್ನುತ್ತಿದ್ದರೆ

ಅಣ್ಣಾ, ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟರ್) ಬಿಚ್ಚಿ ವಾಪಸ್ ಕೊಡೋಕೆ ಹೋಗಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಗಾಡಿ ಹಳೆಯ ಟಾಟಾ 407 ಲಾರಿ, 12 ವೋಲ್ಟ್. ಹೊಸ ಸೆಲ್ಫ್ ಹಾಕಿಸಿದ ಮೇಲೆ ಕೀ ತಿರುಗಿಸಿದರೆ ಒಂದು ಸಲ ‘ಟಕ್’, ಅಷ್ಟೇ. ಹೆಡ್‌ಲೈಟ್ ಮಂಕಾಗುವುದಿಲ್ಲ. ಕೆಳಗೆ ಬಗ್ಗಿ ಸೆಲ್ಫಿನ ದೊಡ್ಡ ಬೋಲ್ಟಿಗೂ ಚಿಕ್ಕ ಪಿನ್ನಿಗೂ ಸ್ಕ್ರೂಡ್ರೈವರ್ ತಾಗಿಸಿದರೆ ಮಾತ್ರ ಒಂದೇ ಏಟಿಗೆ ಸ್ಟಾರ್ಟ್. ಚಿಕ್ಕ ವೈರು ಬಿಚ್ಚಿ ಮೀಟರ್ ಹಿಡಿದರೆ 12 ವೋಲ್ಟ್ ಬರುತ್ತಿದೆ, ಆದ್ದರಿಂದ ಸೆಲ್ಫೇ ಡಿಫೆಕ್ಟು ಅಂತ ವೈರಿಂಗ್ ಮಾಡಿದವರು ಹೇಳಿದ್ದಾರೆ. ಸರಿ ತಾನೇ?

ಡೈರೆಕ್ಟ್ ಕೊಟ್ಟಾಗ ಎಂಜಿನ್ ಜೋರಾಗಿ ತಿರುಗಿತು ಅಂದರೆ ಬ್ಯಾಟರಿ, ದಪ್ಪ ಕೇಬಲ್, ಅರ್ಥ್, ಮೋಟರ್, ಸೊಲೆನಾಯ್ಡ್ (ಸೆಲ್ಫಿನ ಮೇಲೆ ಕೂತು ಮೋಟರಿಗೆ ಕರೆಂಟು ಕೂಡಿಸುವ ಸ್ವಿಚ್ಚು) ಎಲ್ಲವೂ ಪಾಸ್. ಹೆಡ್‌ಲೈಟ್ ಮಂಕಾಗದಿರುವುದೂ ಒಂದು ಸುಳಿವು: ಕೀ ತಿರುಗಿಸಿದಾಗ ಮೋಟರಿಗೆ ಕರೆಂಟೇ ಹೋಗುತ್ತಿಲ್ಲ. ಉಳಿದಿದ್ದು ಕೀಯಿಂದ ರಿಲೇ (ಕೀಯ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಕೂಡಿಸುವ ಸ್ವಿಚ್ಚು), ರಿಲೇಯಿಂದ ಸೊಲೆನಾಯ್ಡಿನ ಚಿಕ್ಕ ಪಿನ್ನಿನವರೆಗಿನ ಸಣ್ಣ ವೈರಿನ ದಾರಿ. ತೊಂದರೆ ಅಲ್ಲೇ ಇರಬೇಕು.

ಹಾಗಾದರೆ ಮೀಟರ್ 12 ತೋರಿಸಿದ್ದು ಯಾಕೆ? ವೈರು ಬಿಚ್ಚಿ ಅಳೆದಿದ್ದಕ್ಕೆ. ಮೀಟರ್ ಹೆಚ್ಚುಕಮ್ಮಿ ಕರೆಂಟನ್ನೇ ಎಳೆಯುವುದಿಲ್ಲ. ಡ್ರಿಪ್ ಲೈನಿನಲ್ಲಿ ಕೊನೆಯ ವಾಲ್ವ್ ಮುಚ್ಚಿದ್ದರೆ ಪೈಪಿನಲ್ಲಿ ಎಷ್ಟೇ ಕಸ ಕಟ್ಟಿರಲಿ, ಗೇಜು ಪೂರ್ತಿ ಪ್ರೆಶರ್ ತೋರಿಸುತ್ತದೆ ಅಲ್ವಾ, ಹಾಗೆ. ಇಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ 12 ಸಿಗುತ್ತದೆ. ಸೊಲೆನಾಯ್ಡಿಗೆ ಅದು ಸಾಲದು. ಅದರೊಳಗೆ ಎರಡು ಕಾಯಿಲ್ ಇವೆ. ಒಂದು ಪ್ಲಂಜರನ್ನು (ಒಳಗಿನ ಕಬ್ಬಿಣದ ಸರಳು) ಎಳೆಯುವುದು, ಇನ್ನೊಂದು ಎಳೆದ ಮೇಲೆ ಹಿಡಿದುಕೊಳ್ಳುವುದು. ಎಳೆಯುವ ಆ ಒಂದು ಗಳಿಗೆ ಎರಡೂ ಸೇರಿ 30-40 ಆಂಪಿಯರ್ ಬೇಕಾಗಬಹುದು. ಒಳಗಿನ ದೊಡ್ಡ ಕಾಂಟ್ಯಾಕ್ಟ್ ಕೂಡಿದ ತಕ್ಷಣ ಎಳೆಯುವ ಕಾಯಿಲ್ ತಾನಾಗೇ ಕಟ್ ಆಗುತ್ತದೆ, ಆಮೇಲೆ ಸ್ವಲ್ಪ ಕರೆಂಟು ಸಾಕು. ನಿಮ್ಮ ಗಾಡಿ ಆ ಮೊದಲ ಗಳಿಗೆಯನ್ನೇ ದಾಟುತ್ತಿಲ್ಲ.

ಈಗ ಅಳೆಯುವುದು ಹೇಗೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಮೂರೂ ಇರಲಿ. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್, ಸ್ಟಾಪರ್ ಕೇಬಲ್ (ಡೀಸೆಲ್ ನಿಲ್ಲಿಸಿ ಎಂಜಿನ್ ಆಫ್ ಮಾಡುವುದು) ಎಳೆದಿಡದಿದ್ದರೆ, ಕೀ ಆಫ್ ಇದ್ದರೂ ಸೆಲ್ಫ್ ತಿರುಗಿದ ಕೂಡಲೇ ಸ್ಟಾರ್ಟ್ ಆಗಿಬಿಡುತ್ತದೆ. ಗೇರಿನಲ್ಲಿದ್ದರೆ ಗಾಡಿ ನಿಮ್ಮ ಮೇಲೇ ಬರುತ್ತದೆ. ಸ್ಕ್ರೂಡ್ರೈವರ್ ಆಟ ಇನ್ನು ಸಾಕು. ಸ್ಟಾಪರ್ ಎಳೆದಿಟ್ಟೇ ಟೆಸ್ಟ್ ಮಾಡಿ.

ಚಿಕ್ಕ ವೈರನ್ನು ಅದರ ಪಿನ್ನಿಗೆ (50 ಅಂತ ನಂಬರ್ ಇರುತ್ತದೆ) ಸಿಕ್ಕಿಸಿಯೇ ಇಡಿ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಕಪ್ಪು ಕಡ್ಡಿ ಈ 50ರ ಪಿನ್ನಿಗೆ. ಕಡ್ಡಿ ಅಷ್ಟು ದೂರ ಎಟಕದಿದ್ದರೆ ಒಂದು ವೈರು ಜೋಡಿಸಿಕೊಳ್ಳಿ. ಈಗ ಇನ್ನೊಬ್ಬರಿಗೆ ಕೀ ತಿರುಗಿಸಿ ಹಿಡಿಯಲು ಹೇಳಿ. ಆಗ ಬರುವ ಅಂಕಿಯೇ ದಾರಿಯಲ್ಲಿ ಕಳೆದುಹೋದ ವೋಲ್ಟು. ಒಂದರ ಆಸುಪಾಸಿನಲ್ಲಿ ಇದ್ದರೆ ಚಿಂತೆ ಇಲ್ಲ. ಮೂರು ನಾಲ್ಕು ಬಂದರೆ ಕಳ್ಳ ಸಿಕ್ಕಿದ ಹಾಗೆ. ಪೂರ್ತಿ 12 ಬಂದರೆ ಎಲ್ಲೋ ದಾರಿಯೇ ಕಟ್ ಆಗಿದೆ. ಕೆಂಪು ಕಡ್ಡಿ ಅಲ್ಲೇ ಇರಲಿ. ಕಪ್ಪು ಕಡ್ಡಿಯನ್ನು ಹಿಂದೆ ಹಿಂದೆ ತನ್ನಿ: ರಿಲೇಯ 87 (ಸೆಲ್ಫ್ ಕಡೆ ಹೋಗುವ ಪಿನ್ನು), ಆಮೇಲೆ ರಿಲೇಯ 30 (ಬ್ಯಾಟರಿಯಿಂದ ಬರುವ ಪಿನ್ನು). ಪ್ರತಿ ಸಲವೂ ಕೀ ತಿರುಗಿಸಿ ಹಿಡಿದಿರಬೇಕು. ಅಂಕಿ ಎಲ್ಲಿ ಧಿಡೀರ್ ಇಳಿಯುತ್ತದೋ ಆ ಎರಡು ಜಾಗಗಳ ನಡುವೆಯೇ ತೊಂದರೆ. ಒಂದೊಂದು ಸಲಕ್ಕೆ ನಾಲ್ಕೈದು ಸೆಕೆಂಡ್‌ಗಿಂತ ಜಾಸ್ತಿ ಹಿಡಿಯಬೇಡಿ, ಕಾಯಿಲ್ ಬಿಸಿಯಾಗುತ್ತದೆ.

ಕೆಲವು ಗಾಡಿಗಳಲ್ಲಿ ರಿಲೇ ಇರುವುದಿಲ್ಲ, ಇದ್ದದ್ದನ್ನು ಯಾರೋ ಕಿತ್ತಿರುತ್ತಾರೆ. ಆಗ ಅಷ್ಟೂ ಕರೆಂಟು ಕೀ ಸ್ವಿಚ್ಚಿನೊಳಗಿಂದಲೇ ಹಾದು ಬರಬೇಕು. ಅಂಥದ್ದರಲ್ಲಿ ಸ್ವಿಚ್ಚಿನ ಹಿಂದಿನ ಪಿನ್ನುಗಳನ್ನು ಅಳೆಯಿರಿ.

ನಾನಾದರೆ ಮೀಟರ್ ತೆಗೆಯುವುದಕ್ಕೂ ಮೊದಲು 50ರ ಪಿನ್ನಿಗೆ ಬರುವ ವೈರಿನ ಲಗ್ (ತುದಿಗೆ ಒತ್ತಿಸಿದ ಲೋಹದ ಕೊಂಡಿ) ನೋಡುತ್ತಿದ್ದೆ. ಹಳೆ ಸೆಲ್ಫ್ ಬಿಚ್ಚುವಾಗ ಎಳೆದಾಡುವುದು ಇದನ್ನೇ. ಲಗ್ಗಿನ ಬುಡದಲ್ಲಿ ಎರಡು ಬೆರಳಿನಿಂದ ಹಿಡಿದು ಮೆತ್ತಗೆ ಬಗ್ಗಿಸಿ. ಒಂದೇ ಜಾಗದಲ್ಲಿ ಸುಲಭವಾಗಿ ಮಡಚಿಕೊಂಡರೆ ಒಳಗೆ ಎಳೆಗಳು ತುಂಡಾಗಿವೆ, ಪ್ಲಾಸ್ಟಿಕ್ ಮಾತ್ರ ಹಿಡಿದುಕೊಂಡಿದೆ. ಬ್ಲೇಡಿನಿಂದ ಒಂದಿಂಚು ಸುಲಿಯಿರಿ. ತಾಮ್ರ ಹೊಳೆಯಬೇಕು. ಕಪ್ಪಾಗಿದ್ದರೆ ಅಥವಾ ಹಸಿರು ಪುಡಿ ಉದುರಿದರೆ ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಲಗ್ ಒತ್ತಿಸಿ. ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇಂಥ ಕರೆಂಟಿಗೆ ಬಾಳುವುದಿಲ್ಲ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಕೀ ಬಿಟ್ಟು ಪುಶ್ ಬಟನ್ ಹಾಕಿಸಿ ಅಂದಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಅದೇ ಕರೆಂಟು ಬಟನ್ನಿನಲ್ಲಿ ಹಾದು ಅದೂ ಸುಡುತ್ತದೆ. ಅದರ ಬದಲು ಒಂದು 70 ಆಂಪಿಯರ್ ರಿಲೇ ಹಾಕಿಸಿ. ಕೀಯಿಂದ ಬರುವ ವೈರು ರಿಲೇಯ 86ನೇ ಪಿನ್ನಿಗೆ, 85 ಗಾಡಿಯ ಮೈಗೆ (ಅರ್ಥ್), ಬ್ಯಾಟರಿಯಿಂದ ಫ್ಯೂಸ್ ಸಮೇತ 4 ಚದರ ಮಿಲಿಮೀಟರ್ ವೈರು 30ಕ್ಕೆ, 87ರಿಂದ ಅಷ್ಟೇ ದಪ್ಪದ ವೈರು ಸೆಲ್ಫಿನ 50ಕ್ಕೆ. ತೀರಾ ಅಗ್ಗದ ರಿಲೇ ಮಾತ್ರ ಬೇಡ. ಅದರ ಕಾಂಟ್ಯಾಕ್ಟ್ ಅಂಟಿಕೊಂಡರೆ ಎಂಜಿನ್ ಸ್ಟಾರ್ಟ್ ಆದ ಮೇಲೂ ಸೆಲ್ಫ್ ಬಿಡುವುದಿಲ್ಲ. ಹಾಗೇನಾದರೂ ಆದರೆ ಯೋಚನೆ ಮಾಡದೆ ಸ್ಟಾಪರ್ ಎಳೆದು ಬ್ಯಾಟರಿ ಲಗ್ ಕೀಳಿ.

ದಪ್ಪ ಬೋಲ್ಟುಗಳನ್ನೂ ಒಮ್ಮೆ ನೋಡಿಬಿಡಿ. ಸೊಲೆನಾಯ್ಡಿನ ಹಿಂದೆ ದೊಡ್ಡ ಬೋಲ್ಟ್ ಎರಡು. ಒಂದರಿಂದ ಗಿಡ್ಡ ತಾಮ್ರದ ಜಡೆ ಮೋಟರಿನೊಳಗೆ ಹೋಗಿರುತ್ತದೆ, ಅದಕ್ಕೆ ಬೇರೆ ಏನನ್ನೂ ಹಾಕಬಾರದು. ಬ್ಯಾಟರಿ ಕೇಬಲ್, ಆಲ್ಟರ್ನೇಟರಿನ ವೈರು, ಗಾಡಿಯ ಮೇನ್ ವೈರು ಎಲ್ಲ ಇನ್ನೊಂದಕ್ಕೆ, ಅಂದರೆ ಸೊಲೆನಾಯ್ಡಿನ 30 ನಂಬರಿನ ಬೋಲ್ಟಿಗೆ. ಬ್ಯಾಟರಿ ಕೇಬಲ್ ಜಡೆಯ ಕಡೆ ಹೋದರೆ ಬ್ಯಾಟರಿ ಜೋಡಿಸಿದ ಕೂಡಲೇ ಮೋಟರ್ ಕೀ ಇಲ್ಲದೆ ತಿರುಗತೊಡಗುತ್ತದೆ. ನಿಮ್ಮದರಲ್ಲಿ ಹಾಗಿಲ್ಲ, ಆದರೆ ಆಲ್ಟರ್ನೇಟರ್ ವೈರು ಎಲ್ಲಿ ಕೂತಿದೆ ಅಂತ ಕಣ್ಣಾರೆ ನೋಡಿ. ಅಲ್ಲಿ ಸ್ಪ್ಯಾನರ್ ಹಾಕುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. 30ರ ಬೋಲ್ಟಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ, ಸ್ಪ್ಯಾನರ್ ಬಾಡಿಗೆ ತಾಗಿದರೆ ಅಲ್ಲೇ ವೆಲ್ಡ್ ಆಗುತ್ತದೆ.

ಬೇರೆಯವರೊಬ್ಬರು ಕೀ ತಿರುಗಿಸಿದರೆ ಬಿಡದೆ ‘ಟಕ ಟಕ ಟಕ’ ಅನ್ನುತ್ತದೆ ಅಂತ ಕೇಳಿದ್ದಾರೆ, ಅದು ಬೇರೆ ಕಾಯಿಲೆ. ಮೊದಲು ಬ್ಯಾಟರಿ ನೋಡಿ, ಸೆಲ್ಫ್ ಹೊಡೆಯುವಾಗ ಅದರ ವೋಲ್ಟು 9.6ಕ್ಕಿಂತ ಕೆಳಗೆ ಹೋಗಬಾರದು. ಆಮೇಲೆ ಎಂಜಿನ್ನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿ. ಅದು ಸಡಿಲ ಇದ್ದರೆ ಕರೆಂಟು ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಹೋಗಲು ನೋಡುತ್ತದೆ, ಕೇಬಲ್ ಬಿಸಿಯಾಗಿ ಹೊಗೆ ಬಂದರೂ ಬರಬಹುದು.

50ರ ಪಿನ್ನು, ರಿಲೇಯ 87, ರಿಲೇಯ 30, ಈ ಮೂರು ಕಡೆಯ ಅಂಕಿ ಬರೆದು ಹಾಕಿ. ಲಗ್ಗಿನ ಬುಡ ಸುಲಿದ ಮೇಲೆ ಒಂದು ಫೋಟೋ ಕೂಡ ಇರಲಿ. ಮುಂದೆ ಏನು ಬದಲಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.